ಮಿಲ್ಲರ್ ಸಮಿತಿ ಎತ್ತಿದ ಪ್ರಶ್ನೆ

ರಾಜ್ಯವೊಂದು ಕಟ್ಟೆ ಕಾಲುವೆಗಳನ್ನು ಎಷ್ಟೇ ಕಟ್ಟಲಿ, ನೀರು ಯಾರ ಗದ್ದೆಗೆ ಹರಿಯಿತೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ಎದ್ದುದು ಸರ್ಕಾರಿ ನೌಕರಿಯ ಸಂಬಂಧವಾಗಿ.

ಇಂಗ್ಲಿಷ್ ವಿದ್ಯೆಯನ್ನು ಮೊದಲು ಹಿಡಿದವರು ಬ್ರಾಹ್ಮಣರು. ಸಂಸ್ಥಾನದ ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ವರೂ ಇರಲಿಲ್ಲ. ಆದರೆ ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ ಆಗಿದ್ದುವು. ಹಳ್ಳಿಯ ರೈತ ಕಚೇರಿಯಲ್ಲಿ ತನ್ನವರ ಮುಖ ಕಾಣುವುದು ಅಪರೂಪವಾಗಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನಹ ಸಲ್ಲಿತು. ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಮಹಾರಾಜರು ಸಮಿತಿಯೊಂದನ್ನು ನೇಮಿಸಿದರು.

ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ. ವಿದ್ಯೆ ಹಬ್ಬಿದರೆ ಅಂತರ ಅಳಿಯುವುದು, ಯೋಗ್ಯತೆಯನ್ನು ಬಿಟ್ಟು ಜಾತಿಯನ್ನು ನೋಡಿದರೆ ಆಡಳಿತ ಕೆಡುವುದು ಎಂಬುದು ಅವರ ನಿಲುವು. 1918ರ ಕೊನೆಗೆ ಅವರು ಅಧಿಕಾರ ಬಿಟ್ಟರು; ಮಹಾರಾಜರ ಸೋದರಮಾವ ಕಾಂತರಾಜ ಅರಸರು ದಿವಾನರಾದರು. ವಿಶ್ವೇಶ್ವರಯ್ಯನವರ ಮಾತನ್ನು ಬರಿಯ ಜಾತಿಪ್ರೇಮವೆಂದು ತಳ್ಳುವುದು ಸಲ್ಲದು. ಬಡತನದಲ್ಲಿ ಓದಿ ಮೇಲೆ ಬಂದವರು ಅವರು. ಆದರೆ ಓದುವ ದಾರಿಯೇ ಇಲ್ಲದವನಿಗೆ ಯೋಗ್ಯತೆಯ ಪರೀಕ್ಷೆ ಮುಚ್ಚಿದ ಬಾಗಿಲಲ್ಲವೆ?

1919ರಲ್ಲಿ ಸಮಿತಿ ತನ್ನ ವರದಿಯಲ್ಲಿ ಕೊಟ್ಟ ಉತ್ತರ ನೇರವಾಗಿತ್ತು. ದಕ್ಷತೆಯೆಂದರೆ ಪರೀಕ್ಷೆಯ ಅಂಕವೊಂದೇ ಅಲ್ಲ. ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಅಧಿಕಾರಿಗೆ ಬೇಕು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕೆಂದೂ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳು ಬೇಕೆಂದೂ ಅದು ಹೇಳಿತು. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1902ರಲ್ಲೇ ಇಂಥ ಹೆಜ್ಜೆ ಇಟ್ಟಿದ್ದರಾದರೂ, ಮೈಸೂರಿನಂತೆ ಸಮಿತಿ ಕೂಡಿಸಿ, ವಾದವನ್ನು ಬರಹಕ್ಕಿಳಿಸಿ, ಅವಧಿ ಗೊತ್ತುಮಾಡಿದ ಕ್ರಮಕ್ಕೆ ತನ್ನದೇ ಬೆಲೆಯಿದೆ.

ಕೊರತೆಯೊಂದು ಮಾತ್ರ ವ್ಯಾಖ್ಯೆಯಲ್ಲೇ ಅಡಗಿತ್ತು. ಬ್ರಾಹ್ಮಣರ ಹೊರತು ಹೆಚ್ಚುಕಡಿಮೆ ಎಲ್ಲರೂ ‘ಹಿಂದುಳಿದವರು’ ಎಂದಾಗ, ಭೂಮಿಯುಳ್ಳ ಬಲ್ಲಿದರೂ ಊರಾಚೆಯ ಕೇರಿಯವರೂ ಒಂದೇ ಸಾಲಿನಲ್ಲಿ ನಿಂತರು. ಸಾಲಿನ ಮುಂದಿದ್ದವರ ಕೈಗೆ ಮೊದಲು ಸಿಕ್ಕುವುದು ಲೋಕರೂಢಿ. ಹಿಂದುಳಿದವರಲ್ಲೇ ಮೆಟ್ಟಿಲುಗಳುಂಟೆಂದು ಕಂಡು, ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಿದ ಹಾವನೂರು ಆಯೋಗದ ವರದಿ ಬಂದುದು 1975ರಲ್ಲಿ.

ಪಾಲು ಬೇಕೆ ಎಂಬ ಪ್ರಶ್ನೆಗೆ ಮಿಲ್ಲರ್ ಸಮಿತಿ ಉತ್ತರ ಕೊಟ್ಟಿತು. ಪಾಲಿನೊಳಗಿನ ಪಾಲು ಯಾರಿಗೆ ಎಂಬುದನ್ನು ಮುಂದಿನವರಿಗೆ ಬಿಟ್ಟಿತು. ಆ ಲೆಕ್ಕ ಇನ್ನೂ ಮುಗಿದಿಲ್ಲ.