ದ್ವಿತೀಯಕ ಅಂಗವೈಕಲ್ಯ ಪರಿಹಾರ: ಕೈ ಮತ್ತು ಮಣಿಕಟ್ಟು (ಅಮೆರಿಕ)

ಸೇನೆಯಲ್ಲಿದ್ದಾಗ ಆದ ಗಾಯ ಅಥವಾ ಅಂಟಿದ ಕಾಯಿಲೆಯ ದೆಸೆಯಿಂದ ಮುಂದೆ ಕೈಗೋ ಮಣಿಕಟ್ಟಿಗೋ ಬೇರೊಂದು ತೊಂದರೆ ಬಂದರೆ, ಅಮೆರಿಕದ ಮಾಜಿ ಸೈನಿಕರು ಅದಕ್ಕೂ ಅಲ್ಲಿನ ವೆಟರನ್ಸ್ ಅಫೇರ್ಸ್ ಇಲಾಖೆಯಿಂದ (ವಿಎ) ಪರಿಹಾರ ಕೇಳಬಹುದು. ಫೆಡರಲ್ ನಿಯಮಾವಳಿಯ 38ನೇ ಶೀರ್ಷಿಕೆಯ 3.310ನೇ ಸೆಕ್ಷನ್ ಇದಕ್ಕೆ ಆಧಾರ. ಮೂಲ ತೊಂದರೆ ಸೇವೆಯಿಂದ ಬಂದದ್ದೆಂದು ವಿಎ ಒಪ್ಪಿರಬೇಕು.

ಉದಾಹರಣೆಗೆ, ಸೇವೆಯಲ್ಲಿ ಮಂಡಿ ಕೆಟ್ಟವರು ವರ್ಷಗಟ್ಟಲೆ ಊರುಗೋಲಿನ ಮೇಲೆ ಮೈಭಾರ ಬಿಟ್ಟು ನಡೆದರೆ ಅಂಗೈ ಬುಡದಲ್ಲಿ ಮೀಡಿಯನ್ ನರ ಒತ್ತಿಹೋಗಿ ಕಾರ್ಪಲ್ ಟನಲ್ ಸಿಂಡ್ರೋಮ್ ಬರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಕೈ ಕೊಡವಿಕೊಂಡು ಏಳಬೇಕಾಗುತ್ತದೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಒಡ್ಡಿಕೊಂಡವರ ಟೈಪ್ 2 ಮಧುಮೇಹವನ್ನು ವಿಎ ಸೇವಾಜನ್ಯವೆಂದೇ ಭಾವಿಸುತ್ತದೆ. ಆ ಮಧುಮೇಹದ ನರದೌರ್ಬಲ್ಯ ಸಾಮಾನ್ಯವಾಗಿ ಪಾದದಲ್ಲಿ ಶುರುವಾಗಿ ಆಮೇಲೆ ಕೈಗೆ ಬರುತ್ತದೆ.

ನೋವಿದೆ ಎಂದಷ್ಟೇ ಹೇಳಿದರೆ ಅರ್ಜಿ ನಿಲ್ಲದು. ಎರಡು ತೊಂದರೆಗಳ ನಡುವಿನ ನಂಟನ್ನು ವೈದ್ಯರು ಕಾರಣ ಕೊಟ್ಟು ವಿವರಿಸಬೇಕು. ರೂಢಿಯಲ್ಲಿ ಇದು ‘ನೆಕ್ಸಸ್ ಲೆಟರ್’. ಸಂಭವ ಅರ್ಧಕ್ಕರ್ಧ ಇದ್ದರೂ ಸಾಕು, ಸಂಶಯದ ಲಾಭ ಅರ್ಜಿದಾರರಿಗೇ. ಆದರೂ ಕಾರಣವಿಲ್ಲದ ಒಂದು ಸಾಲಿನ ಪತ್ರಕ್ಕೆ ತೂಕ ಕಡಿಮೆ. ಮೊದಲೇ ಇದ್ದ ಮಣಿಕಟ್ಟಿನ ನೋವು ಸೇವಾಜನ್ಯ ಕಾಯಿಲೆಯಿಂದ ಉಲ್ಬಣಿಸಿದರೂ ಪರಿಹಾರ ಸಲ್ಲಬೇಕೆಂದು 1995ರ ‘ಆಲೆನ್ ವರ್ಸಸ್ ಬ್ರೌನ್’ ತೀರ್ಪು ಹೇಳಿತು. ಆದರೆ ಪರಿಹಾರ ಉಲ್ಬಣಿಸಿದ ಭಾಗಕ್ಕೆ ಮಾತ್ರ. ಹಾಗಾಗಿ ಮೊದಲ ಸ್ಥಿತಿ ತೋರಿಸುವ ಹಳೆಯ ವೈದ್ಯಕೀಯ ದಾಖಲೆಗಳನ್ನು ಕಳೆದುಕೊಂಡವರಿಗೆ ತಾಪತ್ರಯ.

ಪರಿಹಾರಕ್ಕಾಗಿ ವಿಎ ಅಂಗವೈಕಲ್ಯವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತದೆ. ಮೀಡಿಯನ್ ನರದ ದೌರ್ಬಲ್ಯ ಅಲ್ಪವಾಗಿದ್ದರೆ ಯಾವ ಕೈಗಾದರೂ ಶೇ. 10. ಮಧ್ಯಮವಾದರೆ ರೂಢಿಯ ಕೈಗೆ 30, ಇನ್ನೊಂದಕ್ಕೆ 20. ತೀವ್ರವಾದರೆ 50 ಮತ್ತು 40. ನರ ಪೂರ್ತಿ ಸತ್ತರೆ 70 ಮತ್ತು 60. ಎಡಚರಿಗೆ ಎಡಗೈಯೇ ರೂಢಿಯ ಕೈ. ಮಣಿಕಟ್ಟು ಸರಿಯಾಗಿ ಬಾಗದಿದ್ದರೆ ಗರಿಷ್ಠ ಶೇ. 10 ಮಾತ್ರ, ತೀರಾ ಜಿಪುಣತನದ ಲೆಕ್ಕ. ಕೀಲು ಪೂರ್ತಿ ಸೆಟೆದು ನಿಂತಾಗಲಷ್ಟೇ ಇದಕ್ಕಿಂತ ಹೆಚ್ಚು.

ಎರಡೂ ಕೈಗೆ ತೊಂದರೆಯಿದ್ದರೆ ಲೆಕ್ಕವೇ ಬೇರೆ. 30ಕ್ಕೆ 20 ಸೇರಿದರೆ 50 ಆಗುವುದಿಲ್ಲ. ನೂರರಲ್ಲಿ 30 ಕಳೆದು ಉಳಿದ 70ರಲ್ಲಿ ಶೇ. 20, ಅಂದರೆ 14 ಸೇರಿ 44 ಆಗುತ್ತದೆ. ಅದರ ಹತ್ತನೇ ಒಂದು ಭಾಗವನ್ನು ‘ಬೈಲ್ಯಾಟರಲ್ ಫ್ಯಾಕ್ಟರ್’ ಎಂದು ಕೂಡಿಸಿದರೆ 48.4. ಬೇರೆ ಅಂಗವೈಕಲ್ಯ ಇಲ್ಲದಿದ್ದರೆ, ಹತ್ತಿರದ ಹತ್ತಕ್ಕೆ ದುಂಡಾಗಿಸಿದಾಗ ಇದು 50ಕ್ಕೆ ಏರುತ್ತದೆ. ಆ ಹೆಚ್ಚುವರಿ ಇಲ್ಲದಿದ್ದರೆ 40ಕ್ಕೇ ನಿಲ್ಲುತ್ತಿತ್ತು.