ಸಂದರ್ಶನದ ಕುರ್ಚಿಯಿಂದ ಓಎಂಆರ್ ಹಾಳೆಗೆ

ಈಚೆಗೊಂದು ಏಪ್ರಿಲ್‌ನಲ್ಲಿ ಸಿಇಟಿಯ ಮೊದಲ ದಿನ. ಸುದ್ದಿಗೆ ಫೋಟೊ ಬೇಕಿತ್ತು, ಪರೀಕ್ಷಾ ಕೇಂದ್ರದ ಗೇಟಿನ ಬಳಿ ನಿಂತಿದ್ದೆವು. ನಮ್ಮ ಹೋಬಳಿಯ ಹುಡುಗಿಯೊಬ್ಬಳು ಗುರುತು ಹಿಡಿದು ಹತ್ತಿರ ಬಂದಳು.

"ಹೆಂಗಾಯ್ತಮ್ಮ?"

"ಗೊತ್ತಿರೋದೆಲ್ಲ ಮಾಡಿದೀನಿ ಅಣ್ಣ. ಗೊತ್ತಿಲ್ದಿರೋ 18 ಖಾಲಿ ಬಿಟ್ಟೆ. ನೆಗೆಟಿವ್ ಕಟ್ಟಾಗುತ್ತಲ್ಲ."

ಸಿಇಟಿಯಲ್ಲಿ ನೆಗೆಟಿವ್ ಅಂಕ ಇಲ್ಲ. ಹೇಳಿದರೆ ಮಗು ನೊಂದುಕೊಳ್ಳುತ್ತದೆ, ಹೇಳದಿದ್ದರೆ ಮಾರನೆಯ ದಿನದ ಪೇಪರ್‌ಗಳಲ್ಲೂ ಹೀಗೇ ಖಾಲಿ ಬಿಡುತ್ತದೆ. ಹೇಳಿದೆವು. ಅವಳ ಮುಖ ನೋಡಲಾಗಲಿಲ್ಲ.

ಅವಳು ದಡ್ಡಿಯಲ್ಲ. ಒಂದು ಪರೀಕ್ಷೆಯ ನಿಯಮವನ್ನು ಇನ್ನೊಂದು ಪರೀಕ್ಷೆಗೆ ಹಚ್ಚಿದಳು, ಅಷ್ಟೆ. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟು ಹಂಚುವ ನಿಯಮ ಎಷ್ಟು ಸಲ ಬದಲಾಗಿದೆ ಎಂದು ಹಿಂದಕ್ಕೆ ನೋಡಿದರೆ ಅವಳ ಗೊಂದಲ ಅರ್ಥವಾಗುತ್ತದೆ.

1960ರ ದಶಕದಲ್ಲಿ, ಇನ್ನೂ ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, ಪ್ರವೇಶ ಪರೀಕ್ಷೆ ಎಂಬುದೇ ಇರಲಿಲ್ಲ. ಹಿಂದಿನ ಪರೀಕ್ಷೆಯ ಅಂಕದ ಜೊತೆಗೆ ಸಂದರ್ಶನ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾಕೂಟ, ಇವೆಲ್ಲ ನೋಡಿ ಅಂಕ ಹಾಕುತ್ತಿದ್ದರು. ಎನ್‌ಸಿಸಿಯೂ ಇಲ್ಲದ, ಚರ್ಚಾಕೂಟವನ್ನೂ ಕಾಣದ ಹಳ್ಳಿ ಶಾಲೆಯ ಹುಡುಗ ಆ ಕುರ್ಚಿಯಲ್ಲಿ ಕುಳಿತು ಏನು ಹೇಳಿಯಾನು? ಹೆಚ್ಚು ಅಂಕವಿದ್ದೂ ಸೀಟು ಸಿಗದವರು ಕೋರ್ಟಿಗೆ ಹೋದರು. 1964ರಲ್ಲಿ ಚಿತ್ರಲೇಖ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಆ ಕಾಲಕ್ಕೆ ಪರೀಕ್ಷಾ ತಂತ್ರ ಎಂದರೆ ಚೆನ್ನಾಗಿ ಮಾತನಾಡುವುದು.

ಆಮೇಲೆ ದುಡ್ಡಿನ ಕಾಲ. ಖಾಸಗಿ ಕಾಲೇಜುಗಳು ಹೆಚ್ಚಿದವು, ಕ್ಯಾಪಿಟೇಶನ್ ಶುಲ್ಕವೂ ಹೆಚ್ಚಿತು. ಅದನ್ನು ನಿಷೇಧಿಸಲು ಕರ್ನಾಟಕ 1984ರಲ್ಲಿ ಕಾಯ್ದೆ ತಂದಿತು. ತಮಾಷೆ ಎಂದರೆ, ಅದೇ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ನಿಗದಿಯಾದ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ವಿದ್ಯಾರ್ಥಿನಿಯ ಮನೆಯವರಿಗೆ ಆ 60,000 ಹೊಂದಿಸಲಾಗಲಿಲ್ಲ. ಅದೇ 1992ರ ಮೋಹಿನಿ ಜೈನ್ ಪ್ರಕರಣ. ದುಡ್ಡಿಗೆ ಸೀಟು ಮಾರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟ್. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಖಾಸಗಿ ಕಾಲೇಜಿನ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್, ಎರಡನ್ನೂ ಮೆರಿಟ್ ಮೇಲೆಯೇ ತುಂಬಬೇಕು ಎಂದಾಯಿತು.

ಇದರ ಬೆನ್ನಿಗೇ 1994ರಲ್ಲಿ ಸಿಇಟಿ ಸೆಲ್ ಶುರುವಾಯಿತು. ಇವತ್ತಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲ ಅದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ಎಂಜಿನಿಯರ್, ಮೊದಲ ಡಾಕ್ಟರ್ ಬಂದದ್ದು ಈ ದಾರಿಯಲ್ಲೇ. ಓಎಂಆರ್ ಹಾಳೆ ಓದುವ ಯಂತ್ರಕ್ಕೆ ಅಪ್ಪ ಯಾರು, ಇಂಗ್ಲಿಷ್ ಬರುತ್ತದೋ ಇಲ್ಲವೋ ಬೇಕಿಲ್ಲ. ವೃತ್ತ ಸರಿಯಾಗಿ ಕಪ್ಪಾಗಿದೆಯೇ ಎಂದಷ್ಟೇ ನೋಡುತ್ತದೆ.

ಈ ಪರೀಕ್ಷೆಯ ಲೆಕ್ಕ ಸರಳ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅದರಲ್ಲಿ ಉತ್ತರಿಸಲು ಸಿಗುವುದು 70 ನಿಮಿಷ, ಅಂದರೆ ಒಂದು ಪ್ರಶ್ನೆಗೆ 70 ಸೆಕೆಂಡು. ನಾಲ್ಕು ಆಯ್ಕೆ, ತಪ್ಪಿಗೆ ದಂಡವಿಲ್ಲ. ಆ ಹುಡುಗಿ 18 ಪ್ರಶ್ನೆಗೂ ಕಣ್ಣುಮುಚ್ಚಿ ವೃತ್ತ ತುಂಬಿದ್ದರೂ ಸರಾಸರಿ ನಾಲ್ಕೈದು ಅಂಕ ಬರುತ್ತಿತ್ತು. ಕೌನ್ಸೆಲಿಂಗ್‌ನಲ್ಲಿ ಒಂದು ಅಂಕಕ್ಕೂ ಬೆಲೆ ಇದೆ. ಹಾಗಾಗಿ ಸಿಇಟಿಯಲ್ಲಿ ಒಂದೂ ವೃತ್ತ ಖಾಲಿ ಇರಬಾರದು. ಕೊನೆಯ ಐದು ನಿಮಿಷ ಅದಕ್ಕೆಂದೇ ಇಟ್ಟುಕೊಳ್ಳಿ.

ಹಾಗಾದರೆ ನೆಗೆಟಿವ್ ಭಯ ಎಲ್ಲಿಂದ ಬಂತು? ನೀಟ್‌ನಿಂದ. 2017ರಿಂದ ಮೆಡಿಕಲ್ ಸೀಟುಗಳೆಲ್ಲ ನೀಟ್‌ಗೆ ಹೋದವು. ಆ ವರ್ಷವೇ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಕ್ಕಿತು. ಅಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಜೆಇಇ ಮೇನ್‌ನಲ್ಲೂ ಅದೇ. ಹಳ್ಳಿ ಮಕ್ಕಳು ಮೊಬೈಲಿನಲ್ಲಿ ನೋಡುವ ಕೋಚಿಂಗ್ ವಿಡಿಯೊಗಳು ಬಹುಪಾಲು ನೀಟ್, ಜೆಇಇಗೆ ಮಾಡಿದವು. 'ಗೊತ್ತಿಲ್ಲದ್ದು ಮುಟ್ಟಬೇಡಿ' ಎನ್ನುವ ಅಲ್ಲಿನ ಮಾತು ಸಿಇಟಿ ಹಾಲ್‌ಗೂ ನುಗ್ಗಿತು.

ನೀಟ್‌ನಲ್ಲೂ ಆ ಮಾತು ಅರ್ಧ ಸತ್ಯ. 20 ಪ್ರಶ್ನೆಗೆ ಕುರುಡಾಗಿ ಗುರುತು ಹಾಕಿದರೆ ಸರಾಸರಿ 5 ಸರಿ, 15 ತಪ್ಪು. 20 ಅಂಕ ಬಂದು 15 ಹೋಗಿ 5 ಉಳಿಯುತ್ತದೆ. ಅದೃಷ್ಟ ಕೆಟ್ಟರೆ ನಷ್ಟವೂ ಆದೀತು, ಅದಕ್ಕೇ ಪೂರಾ ಕುರುಡಾಗಿ ಹೋಗುವುದು ಬೇಡ. ಆದರೆ ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ, ಉಳಿದೆರಡರಲ್ಲಿ ಒಂದನ್ನು ಗುರುತು ಹಾಕುವುದರಿಂದ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಲಾಭ. ಅಂಥದ್ದನ್ನು ಹೆದರಿ ಬಿಡಬಾರದು.

2024ರ ಸಿಇಟಿ ಇನ್ನೊಂದು ಪಾಠ ಕಲಿಸಿತು. ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಯಿತು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಆದರೆ ಅವುಗಳ ಮೇಲೆ ಮಕ್ಕಳು ಕಳೆದ ನಿಮಿಷಗಳನ್ನು ಯಾರೂ ವಾಪಸ್ ಕೊಡಲಿಲ್ಲ. ಎರಡು ಸಲ ಓದಿದರೂ ತಲೆಬುಡ ತಿಳಿಯದ ಪ್ರಶ್ನೆಯನ್ನು ದಾಟಿ ಮುಂದೆ ಹೋದವರು ಉಳಿದುಕೊಂಡರು.

ಹಾಲ್‌ನ ಹೊರಗಿನ ಕೆಲಸವನ್ನೂ ಹೇಳಬೇಕು. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಸಿಇಟಿ ಅರ್ಧ, ಪಿಯುಸಿ ಅರ್ಧ. ಸಿಇಟಿ ಹೆಸರಲ್ಲಿ ಪಿಯುಸಿ ಬಿಟ್ಟವರು ಕೆಟ್ಟರು. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿಯ ಜೊತೆಗೆ ಬಿಇಒ ಮೇಲುರುಜು ಬೇಕು. ಇದನ್ನು ಕೊನೆ ವಾರಕ್ಕೆ ಇಟ್ಟುಕೊಂಡು ಪರದಾಡಿದವರನ್ನು ನಾವು ಪ್ರತಿವರ್ಷ ನೋಡುತ್ತೇವೆ. ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇದೆ, ಬೀಜ, ಕಳೆ, ಗೊಬ್ಬರ ಗುರುತು ಹಿಡಿಯಬೇಕು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಓದಿರುವ ಪಾಠ ಅದು. ಅದಕ್ಕೂ ಈಗ ಪೇಟೆಯಲ್ಲಿ ಕೋಚಿಂಗ್ ಇದೆ!

ಮರುದಿನ ಸಂಜೆ ಆ ಹುಡುಗಿ ಅಪ್ಪನ ಫೋನಿನಿಂದ ಕರೆ ಮಾಡಿದಳು. "ಇವತ್ತು ಒಂದೂ ಬಿಟ್ಟಿಲ್ಲ ಅಣ್ಣ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲೇಜಲ್ಲಿ ಯಾರೂ ಹೇಳ್ಲಿಲ್ಲ ನೋಡಿ" ಎಂದಳು. ಈ ವರ್ಷ ಅವಳ ತಮ್ಮ ಎರಡನೇ ಪಿಯುಸಿ.