ಕೆಂಪು ಶಾಯಿಯ ಷರತ್ತು

‘ಪೇಪರಿನವರು ಔಷಧ ಕಂಪನಿಗಳ ದುಡ್ಡು ತಗೊಂಡು ಬರೀತಾರೆ’ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಚರಿತ್ರೆ ಓದುವಾಗ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು, ದುಡ್ಡು ತಗೊಂಡು ಬರೆಯದೇ ಇದ್ದದ್ದು.

1905ರ ಅಮೆರಿಕ. ‘ಪೇಟೆಂಟ್ ಮೆಡಿಸಿನ್’ ಎಂಬ ಬಾಟಲಿ ಔಷಧಗಳ ಕಾಲ. ಬಹುಪಾಲು ಔಷಧಗಳಿಗೆ ಪೇಟೆಂಟೂ ಇರಲಿಲ್ಲ, ಒಳಗೇನಿದೆ ಅಂತ ಲೇಬಲ್ಲೂ ಹೇಳ್ತಿರಲಿಲ್ಲ. ಹೆಸರುವಾಸಿ ‘ಪೆರೂನಾ’ದಲ್ಲಿ ಶೇ. 28ರಷ್ಟು ಆಲ್ಕೋಹಾಲ್ ಇತ್ತು. ಮಗುವನ್ನು ಮಲಗಿಸೋ ಸಿರಪ್‌ನಲ್ಲಿ ಮಾರ್ಫಿನ್! ಪತ್ರಿಕೆಗಳಿಗೆ ಜಾಹೀರಾತಿನ ದೊಡ್ಡ ಪಾಲು ಬರ್ತಿದ್ದದ್ದು ಇವರಿಂದಲೇ.

ಆ ವರ್ಷ ಮೆಸಾಚುಸೆಟ್ಸ್ ಶಾಸನಸಭೆಯಲ್ಲಿ, ಬಾಟಲಿಯ ಮೇಲೆ ಒಳಗಿನ ವಸ್ತುಗಳನ್ನು ಮುದ್ರಿಸಬೇಕು ಎಂಬ ಮಸೂದೆಯ ಬಗ್ಗೆ ಒಂದಿಡೀ ಮಧ್ಯಾಹ್ನ ಚರ್ಚೆ ನಡೆಯಿತು. ಮರುದಿನ ಬಾಸ್ಟನ್ನಿನ ಪತ್ರಿಕೆಗಳಲ್ಲಿ ಅದರ ಸುದ್ದಿಯೇ ಇಲ್ಲ. ಯಾಕೆ?

ವೆಂಡರ್ ಕಾಂಟ್ರ್ಯಾಕ್ಟ್ ಓದಿದವರಿಗೆ ಗೊತ್ತಿರುತ್ತೆ, ಅಸಲಿ ವಿಷಯ ಷರತ್ತಿನಲ್ಲಿರುತ್ತೆ ಅಂತ. ಪತ್ರಿಕೆಗಳ ಜಾಹೀರಾತು ಒಪ್ಪಂದದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: ನಿಮ್ಮ ರಾಜ್ಯದಲ್ಲಿ ಈ ಔಷಧಗಳಿಗೆ ಕಡಿವಾಣ ಹಾಕೋ ಕಾನೂನು ಬಂದರೆ ಒಪ್ಪಂದ ರದ್ದು. ಇದನ್ನು ರೂಪಿಸಿದವನು ‘ಹಾಲ್ಸ್ ಕೆಟಾರ್ ಕ್ಯೂರ್’ ಮಾರುತ್ತಿದ್ದ ಫ್ರಾಂಕ್ ಚೇನಿ. ಹದಿನೈದು ಸಾವಿರಕ್ಕೂ ಹೆಚ್ಚು ಪತ್ರಿಕೆಗಳ ಜೊತೆ ಇಂಥ ಒಪ್ಪಂದವಾಗಿದೆ ಅಂತ ಅವನು ತನ್ನ ಸಂಘದ ಸಭೆಯಲ್ಲೇ ಹೇಳಿಕೊಂಡಿದ್ದ. ಯಾವ ವರದಿಗಾರನಿಗೂ ಲಂಚ ಕೊಡಬೇಕಾಗಿರಲಿಲ್ಲ. ಕಾನೂನು ಬರದಂತೆ ನೋಡಿಕೊಳ್ಳೋದು ಪತ್ರಿಕೆಯ ಮಾಲೀಕನದೇ ಗರಜು ಆಗಿತ್ತು.

ಆ ಸಭೆಯ ನಡಾವಳಿಯನ್ನು ಪತ್ತೆ ಹಚ್ಚಿದವನು ಮಾರ್ಕ್ ಸುಲಿವನ್. ಅವನನ್ನು ಈ ಕೆಲಸಕ್ಕೆ ಹಚ್ಚಿದ್ದು ‘ಲೇಡೀಸ್ ಹೋಮ್ ಜರ್ನಲ್’ ಸಂಪಾದಕ ಎಡ್ವರ್ಡ್ ಬಾಕ್. ಲೇಖನ ಉದ್ದವಾಯಿತು ಅಂತ ಬಾಕ್ ಅದನ್ನು ‘ಕಾಲಿಯರ್ಸ್’ ವಾರಪತ್ರಿಕೆಗೆ ದಾಟಿಸಿದ. 1905ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅದೇ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಅಕ್ಟೋಬರ್‌ನಿಂದಲೇ ಒಂದೊಂದೇ ಔಷಧದ ಬಣ್ಣ ಬಯಲು ಮಾಡ್ತಿದ್ದ.

ನನಗೆ ಮುಖ್ಯ ಅನ್ನಿಸೋದು ಇದು: ಬಾಕ್‌ನ ಪತ್ರಿಕೆ 1892ರಲ್ಲೇ ಈ ಜಾಹೀರಾತುಗಳನ್ನು ನಿಲ್ಲಿಸಿತ್ತು. ‘ಕಾಲಿಯರ್ಸ್’ ಕೂಡ 1905ರಲ್ಲಿ ನಿಲ್ಲಿಸಿತು. ಬರೆಯುವವರ ಧೈರ್ಯ ಸರಿ, ಆದರೆ ಮೊದಲು ಆ ಆದಾಯ ಬಿಟ್ಟವರು ಮಾಲೀಕರು.

1906ರ ಜೂನ್ 30ರಂದು ಆಹಾರ ಮತ್ತು ಔಷಧ ಶುದ್ಧತೆಯ ಕಾಯಿದೆ ಬಂತು. ಆಲ್ಕೋಹಾಲ್, ಅಫೀಮು, ಮಾರ್ಫಿನ್ ಇದ್ದರೆ ಲೇಬಲ್ ಮೇಲೆ ಹಾಕಲೇಬೇಕಾಯಿತು. ಜಾಹೀರಾತಿನ ಸುಳ್ಳಿಗೆ ಮಾತ್ರ ಅದು ಕೈ ಹಚ್ಚಲಿಲ್ಲ.

ನಮ್ಮ ದೇಶದಲ್ಲಿ ಪವಾಡ ಔಷಧಗಳ ಜಾಹೀರಾತಿಗೆ ತಡೆ ಹಾಕೋ ಕಾಯಿದೆ 1954ರಿಂದ ಇದೆ. ಆದರೂ ಊರಿಂದ ಅಪ್ಪ ಅಮ್ಮ ವಾಟ್ಸಾಪ್‌ನಲ್ಲಿ ಕಳಿಸೋ ‘ಆರೋಗ್ಯ ಲೇಖನ’ದ ಪಕ್ಕದಲ್ಲೇ ಅದೇ ಕಾಯಿಲೆಯ ಔಷಧದ ಜಾಹೀರಾತು ಇರುತ್ತೆ, ನೋಡಿ. ಅಂಥದ್ದು ಬಂದಾಗ ಅವರನ್ನು ಗದರಿಸಬೇಡಿ. ಫೋನ್ ಮಾಡಿ, ಒಳಗೇನಿದೆ ಅಂತ ಬಾಟಲಿಯ ಲೇಬಲ್ ಜೊತೆಯಲ್ಲೇ ಓದಿ. ಆ ಲೇಬಲ್ ಅಲ್ಲಿಗೆ ಬರೋದಕ್ಕೂ ಜನ ಜಗಳ ಆಡಬೇಕಾಯಿತು ಅಂತ ಹೇಳಿ.